ಶ್ರುತಿ, ಅಲ್ಲಿನ ಉಪವಾಸದ ಅಡುಗೆಯನ್ನು ನಂಬಬೇಡ

ಶ್ರುತಿ, ಮಗುವನ್ನು ಕರೆದುಕೊಂಡು ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೊರಟಿದ್ದೇವೆ, ಮಾಂಸ ಮೀನು ಇಲ್ಲದ ಊಟ ಸಿಗುತ್ತದೆಯೇ ದೊಡ್ಡಮ್ಮ ಎಂದು ಬೆಳಿಗ್ಗೆ ನಮ್ಮ ಮನೆಯವರ ಈ ಗುಂಪಿನಲ್ಲಿ ಕೇಳಿದ್ದೆಯಲ್ಲ, ಪೂಜೆ ಮುಗಿಸಿ ಈಗ ಕುಳಿತೆ. ಪೂರ್ತಿ ಕೇಳು. ಅಲ್ಲಿ ಯಾರಾದರೂ ‘ನಿಸ್ತೀಸಿಮೋ’ ಎಂದರೆ ನಂಬಬೇಡ.

ನಿನ್ನ ದೊಡ್ಡಪ್ಪನ ಜೊತೆ ನಾನು ಹೋದದ್ದು ಅವರ ಈಸ್ಟರ್‌ಗೆ ಮುಂಚೆ, ಉಪವಾಸದ ದಿನಗಳಲ್ಲಿ. ರೆಥಿಮ್ನೋ ಊರಿನ ಒಂದು ತಾವೆರ್ನಾದಲ್ಲಿ, ಅಂದರೆ ಅಲ್ಲಿನ ಊಟದ ಹೋಟೆಲಿನಲ್ಲಿ, ಮಾಂಸ ಬೇಡ ಎಂದೆ. ಬಡಿಸುವ ಹೆಂಗಸು ನಾನೂ ವ್ರತದಲ್ಲಿದ್ದೇನೆ ಎಂದುಕೊಂಡು ಪ್ರೀತಿಯಿಂದ ‘ನಿಸ್ತೀಸಿಮೋ’ ಎಂದಳು. ಉಪವಾಸದ ಅಡುಗೆ ಎಂದರ್ಥ. ಏಕಾದಶಿ ಫಲಾಹಾರದಂತೆ ಇರಬೇಕು ಎಂದು ನೆಮ್ಮದಿಯಾಯಿತು. ಬಂದದ್ದೂ ಗೋಧಿ ನುಚ್ಚಿನ ಉಪ್ಪಿಟ್ಟಿನಂತೆಯೇ ಇತ್ತು. ಟೊಮೆಟೊ, ಆಲಿವ್ ಎಣ್ಣೆ, ಒಳ್ಳೆಯ ಘಮ. ಎರಡನೆಯ ತುತ್ತಿಗೆ ಚಮಚಕ್ಕೆ ಚಿಪ್ಪು ತಗುಲಿತು. ಬಸವನಹುಳು! ಅವರ ಉಪವಾಸಕ್ಕೆ ಮಾಂಸ, ಮೀನು, ಮೊಟ್ಟೆ, ಹಾಲು ಬಾರದು. ಆದರೆ ರಕ್ತವಿಲ್ಲದ ಜೀವಿಗಳೆಂದು ಬಸವನಹುಳು, ಸೀಗಡಿ, ಆಕ್ಟೋಪಸ್ ಎಲ್ಲವೂ ನಡೆಯುತ್ತವೆ. ಅವಳ ತಪ್ಪೇನೂ ಇಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಉಪವಾಸದ ಅಡುಗೆ ಎಂದ ಮಾತ್ರಕ್ಕೆ ಮಗುವಿನ ಬಾಯಿಗೆ ಇಡಬೇಡ.

ಊರಿಗೆ ಬಂದು ಮುಚ್ಚುಮರೆಯಿಲ್ಲದೆ ಎಲ್ಲರಿಗೂ ಹೇಳಿದೆ. ಆ ವರ್ಷ ನಿನ್ನ ಅಜ್ಜಿಯ ತಿಥಿಗೆ ನಿನ್ನ ಸೋದರತ್ತೆ ನನ್ನನ್ನು ಅಡುಗೆಮನೆಯ ಹೊಸ್ತಿಲಲ್ಲೇ ತಡೆದಳು. ಇಪ್ಪತ್ತೆರಡು ವರ್ಷ ಅತ್ತೆಯವರಿಗೆ ಬಿಸಿ ಅನ್ನ ಬಡಿಸಿದ ಕೈ ಇದು. ತಿಳಿಯದೆ ತಿಂದ ಒಂದು ತುತ್ತಿಗೆ ಅಷ್ಟು ಜನರೆದುರು ಹಾಗೆ ಮಾಡಬಹುದೇ? ಅವಳೂ ಈ ಗುಂಪಿನಲ್ಲಿದ್ದಾಳೆ, ಕೇಳಿಸಿಕೊಳ್ಳಲಿ. ನನಗೆ ಇಂದಿಗೂ ನೋವಿದೆ.

ಅಯ್ಯೋ, ನೀನು ಕೇಳಿದ್ದನ್ನೇ ಹೇಳಲಿಲ್ಲ. ‘ಹೋರಿಸ್ ಕ್ರೆಯಾಸ್, ಹೋರಿಸ್ ಪ್ಸಾರಿ’ ಎಂದು ಬರೆದಿಟ್ಟುಕೋ, ಮಾಂಸವಿಲ್ಲದೆ, ಮೀನಿಲ್ಲದೆ ಎಂದು. ಬಸವನಹುಳುವಿಗೆ ಅಲ್ಲಿ ‘ಹೊಹ್ಲಿ’ ಎನ್ನುತ್ತಾರೆ, ಅದನ್ನೂ ಬೇಡ ಎನ್ನು. ಮಗುವಿಗೆ ‘ಫಾವಾ’ ಕೇಳು, ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿದ್ದು, ನಮ್ಮ ತೊವ್ವೆಯೇ. ‘ಹೋರ್ತಾ’ ಎಂದರೆ ಬೇಯಿಸಿದ ಸೊಪ್ಪು, ನಿಂಬೆರಸ ಹಿಂಡಿರುತ್ತಾರೆ. ‘ದಾಕೋಸ್’ ಎಂಬುದು ಬಾರ್ಲಿಯ ಗಟ್ಟಿ ರಸ್ಕಿನ ಮೇಲೆ ಟೊಮೆಟೊ, ಚೀಸ್, ಅದು ನಿಮ್ಮಿಬ್ಬರಿಗೆ. ಊಟವಾದ ಮೇಲೆ ಹಣ್ಣಿನ ಜೊತೆ ಪುಟ್ಟ ಲೋಟಗಳಲ್ಲಿ ತಂದಿಡುವುದು ನೀರಿನಂತೆ ಕಾಣುತ್ತದೆ, ಅದು ರಾಕಿ, ಮದ್ಯ. ಮಗುವಿನ ಕೈಗೆ ಎಟುಕದಂತೆ ಮೊದಲು ಆಚೆ ಸರಿಸು.