ಹಳೆಯ ಬಲೆನೋಗೆ ಹಿಂಬದಿಯ ಸ್ಟ್ರಟ್ ಬಾರ್ ಮಾಡಿಸುವುದು: ಮಾಡಿಸಿದವರ ಅನುಭವ

ಮಂಡ್ಯದಿಂದ ಬಂದ ಪ್ರಶ್ನೆ:

ನನ್ನ ಬಳಿ ಹಳೆಯ ಮಾರುತಿ ಬಲೆನೋ ಸೆಡಾನ್ ಇದೆ. ಇದರ ಹಿಂಬದಿಗೆ ಸ್ಟ್ರಟ್ ಬಾರ್ (ಎಡ ಬಲದ ಸ್ಟ್ರಟ್‌ಗಳ, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗೇ ಇರುವ ಜೋಡಣೆಗಳ, ತಲೆಗಳನ್ನು ಸೇರಿಸಿ ಬಿಗಿಹಿಡಿಯುವ ಅಡ್ಡ ಪೈಪು) ಸಿದ್ಧವಾಗಿ ಎಲ್ಲೂ ಸಿಗದ ಕಾರಣ ಮೈಸೂರಿನಲ್ಲಿ ಮಾಡಿಸಬೇಕೆಂದಿದ್ದೇನೆ. ಎಷ್ಟು ದಪ್ಪದ ಪೈಪು ಬೇಕು, ಖರ್ಚಿಗೆ ತಕ್ಕ ಪ್ರಯೋಜನವಿದೆಯೇ ಎಂಬುದನ್ನು ಮಾಡಿಸಿದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ ಉತ್ತರ:

ನನ್ನದೂ ಅದೇ ಕಾರು. ಬನ್ನಿಮಂಟಪದ ಕಡೆಯ ಒಂದು ಲೇತ್ ಅಂಗಡಿಯಲ್ಲಿ ಬಾರ್ ಮಾಡಿಸಿ ಹಾಕಿಕೊಂಡಿದ್ದೇನೆ. ಎಲ್ಲರೂ ಪೈಪಿನ ದಪ್ಪದ ಬಗ್ಗೆಯೇ ಕೇಳುತ್ತಾರೆ; ನನ್ನ ಮಟ್ಟಿಗೆ ಅದು ಎರಡನೆಯ ಮಾತು. ಪೈಪು ನೇರವಾಗಿದೆಯೇ, ಅದರ ಎರಡು ತುದಿಗಳು ಕಾರಿನ ಬಾಡಿಯನ್ನು ಹೇಗೆ ಕಚ್ಚಿಕೊಂಡಿವೆ ಎಂಬುದೇ ಮೊದಲನೆಯದು.

ಒಂದು ಅಂದಾಜು ಲೆಕ್ಕ ಕೊಡುತ್ತೇನೆ. 25 ಮಿ.ಮೀ. ಹೊರವ್ಯಾಸ, 2 ಮಿ.ಮೀ. ಗೋಡೆಯ ದಪ್ಪ, 1 ಮೀಟರ್ ಉದ್ದದ ಉಕ್ಕಿನ ಪೈಪನ್ನು ಉದ್ದಕ್ಕೆ 100 ಕಿಲೋ ಬಲದಿಂದ ಒತ್ತಿದರೆ ಅದು ಕುಗ್ಗುವುದು ಸುಮಾರು 0.035 ಮಿ.ಮೀ. ಮಾತ್ರ. ಅದೇ ಪೈಪನ್ನು ಸೀಟಿನ ಬೆನ್ನು ತಪ್ಪಿಸುವ ಸಲುವಾಗಿ 60 ಮಿ.ಮೀ. ಆಚೆಗೆ ಬಗ್ಗಿಸಿ ಕೂರಿಸಿದರೆ, ಬಲ ಪೈಪಿನ ನಡುವೆ ಹಾಯುವ ಬದಲು ಅದನ್ನು ಬಾಗಿಸತೊಡಗುತ್ತದೆ; ತುದಿಗಳು ತಿರುಗಬಲ್ಲವು ಎಂದುಕೊಂಡರೆ ಸಡಿಲಿಕೆ 2 ಮಿ.ಮೀ. ಹತ್ತಿರಕ್ಕೆ ಬರುತ್ತದೆ, ಅಂದರೆ ಐವತ್ತು ಪಟ್ಟು ಹೆಚ್ಚು. ತುದಿಯಲ್ಲಿ ಪಿನ್ನು ಹಾಕಿ ಮಡಚುವಂತೆ ಮಾಡಿದ ಬಾರ್‌ನಲ್ಲಿ ಪಿನ್ನಿನ ತೂತು ಅರ್ಧ ಮಿ.ಮೀ. ಸಡಿಲವಿದ್ದರೂ ನೇರ ಪೈಪಿನ ಗಟ್ಟಿತನವೆಲ್ಲ ಅಲ್ಲೇ ಸೋರಿಹೋಗುತ್ತದೆ. ಅಲ್ಯೂಮಿನಿಯಂ ನೋಡಲು ಚೆಂದ, ತೂಕವೂ ಕಡಿಮೆ, ಆದರೆ ಅದೇ ಅಳತೆಯಲ್ಲಿ ಅದರ ಬಿಗಿತ ಉಕ್ಕಿನ ಮೂರನೆಯ ಒಂದು ಭಾಗವಷ್ಟೆ. ಆದ್ದರಿಂದ ಸಾಧಾರಣ ಉಕ್ಕಿನ 1 ಇಂಚಿನ ಪೈಪು, ಬಾಗು ಇಲ್ಲದೆ, ತುದಿಯ ಪ್ಲೇಟಿಗೆ ನೇರವಾಗಿ ವೆಲ್ಡ್ ಆಗಿರಲಿ.

ಅಳತೆ ತೆಗೆಯುವಾಗ ಕಾರು ಸಮನೆಲದ ಮೇಲೆ ತನ್ನ ನಾಲ್ಕು ಚಕ್ರಗಳ ಮೇಲೆಯೇ ನಿಂತಿರಬೇಕು, ಜಾಕಿಯ ಮೇಲೆ ಅಲ್ಲ. ಡಿಕ್ಕಿಯ ಒಳಹೊದಿಕೆ ಬಿಚ್ಚಿ, ಸ್ಟ್ರಟ್ ತಲೆಯ ಸುತ್ತಲಿನ ನಟ್ಟುಗಳನ್ನು ತೆಗೆದು, ಸ್ಟಡ್ಡುಗಳ (ಆ ನಟ್ಟುಗಳು ಕೂರುವ, ಮೇಲಕ್ಕೆ ಚಾಚಿದ ಬೋಲ್ಟುಗಳ) ತುದಿಗೆ ಚೂರು ಗ್ರೀಸ್ ಸವರಿ, ಮೇಲೆ ದಪ್ಪ ರಟ್ಟನ್ನು ಒತ್ತಿದರೆ ತೂತುಗಳ ಜಾಗ ಕಪ್ಪು ಉಂಗುರಗಳಾಗಿ ಮೂಡುತ್ತದೆ. ಎಡ ಬಲ ಎರಡಕ್ಕೂ ಬೇರೆ ಬೇರೆ ರಟ್ಟು ತೆಗೆಯಿರಿ, ಒಂದನ್ನೇ ಮಗುಚಿ ಹಾಕಬೇಡಿ. ನಡುವಿನ ದೊಡ್ಡ ನಟ್ಟನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಕೂಡದು. ಅದರ ಕೆಳಗೆ ಸ್ಪ್ರಿಂಗ್ ಅದುಮಿಕೊಂಡು ಕುಳಿತಿರುತ್ತದೆ.

‘ಕಾರಿನೊಳಗೇ ವೆಲ್ಡಿಂಗ್ ಹೊಡೆದುಬಿಡೋಣ ಸಾರ್, ಅಳತೆ ಕರೆಕ್ಟಾಗಿ ಬರುತ್ತೆ’ ಎಂದು ಅಂಗಡಿಯವರು ಹೇಳಿಯೇ ಹೇಳುತ್ತಾರೆ. ಸೀಟಿನ ಸ್ಪಂಜು, ವೈರುಗಳು, ಪೆಟ್ರೋಲ್ ಟ್ಯಾಂಕು ಇರುವ ಕಡೆ ಕಿಡಿ ಹಾರಿಸುವುದಕ್ಕೆ ನಾನಂತೂ ಒಪ್ಪಲಿಲ್ಲ. ಬದಲಿಗೆ ಒಂದು ದಪ್ಪ ಆಂಗಲ್ ಕಬ್ಬಿಣಕ್ಕೆ ಕಾರಿನ ಅಳತೆಯಲ್ಲೇ ತೂತು ಹೊಡೆಸಿ, ಎರಡು ಪ್ಲೇಟುಗಳನ್ನು ಅದಕ್ಕೆ ಬೋಲ್ಟಿನಿಂದ ಬಿಗಿದು, ನಡುವೆ ಪೈಪಿಟ್ಟು, ಒಂದು ತುದಿಗೊಮ್ಮೆ ಇನ್ನೊಂದು ತುದಿಗೊಮ್ಮೆ ಚುಕ್ಕಿ ವೆಲ್ಡ್ ಹಾಕಿಸಿ ಆಮೇಲೆ ಪೂರ್ತಿ ಮಾಡಿಸಿದೆವು. ವೆಲ್ಡ್ ಆರುವಾಗ ಲೋಹ ಒಳಕ್ಕೆ ಸೆಳೆಯುವುದರಿಂದ, ಪೂರ್ತಿ ತಣ್ಣಗಾಗುವ ತನಕ ಬೋಲ್ಟು ಬಿಚ್ಚಲು ಬಿಡಬೇಡಿ.

ಪ್ಲೇಟಿನ ದಪ್ಪದಲ್ಲಿ ಅತಿಯಾಸೆ ಬೇಡ. ಸ್ಟಡ್ಡಿನ ಉದ್ದ ಸೀಮಿತವಾದದ್ದು; ದಪ್ಪ ಪ್ಲೇಟು ಹಾಕಿದರೆ ನಟ್ಟಿಗೆ ಹಲ್ಲು ಉಳಿಯುವುದಿಲ್ಲ. ನಟ್ಟು ಕೂತ ಮೇಲೆ ಕನಿಷ್ಠ ಎರಡು ಹಲ್ಲು ಹೊರಗೆ ಕಾಣುವಂತಿರಬೇಕು. ನನಗೆ 4 ಮಿ.ಮೀ. ಪ್ಲೇಟು ಸರಿಹೊಂದಿತು.

ಪ್ರಯೋಜನದ ವಿಷಯ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಹಿಂಬದಿ ಒಂದೇ ತುಂಡಾಗಿ ಹಿಂಬಾಲಿಸುವಂತೆ ಅನಿಸುತ್ತದೆ, ಉಬ್ಬಿನ ಮೇಲೆ ಓರೆಯಾಗಿ ಹತ್ತಿದಾಗ ಡಿಕ್ಕಿಯಿಂದ ಬರುತ್ತಿದ್ದ ಕಿರುಗುಟ್ಟುವಿಕೆ ನಿಂತಿದೆ. ಆದರೆ ಸೆಡಾನ್‌ನಲ್ಲಿ ಹಿಂದಿನ ಸೀಟಿನ ಬಳಿಯ ತಗಡಿನ ಹಲಗೆಯೇ ಬಾಡಿಯನ್ನು ಸಾಕಷ್ಟು ಬಿಗಿಹಿಡಿದಿರುವುದರಿಂದ ದೊಡ್ಡ ಬದಲಾವಣೆಯನ್ನು ನಿರೀಕ್ಷಿಸಬೇಡಿ. ನಿಮ್ಮ ಕಾರಿನ ಬುಷ್ಷುಗಳು (ಕೀಲುಗಳಲ್ಲಿನ ರಬ್ಬರ್ ತುಂಡುಗಳು) ಸವೆದಿದ್ದರೆ, ಶಾಕ್ ಅಬ್ಸಾರ್ಬರ್ ಎಣ್ಣೆ ಬಿಡುತ್ತಿದ್ದರೆ, ಈ ದುಡ್ಡು ಮೊದಲು ಅಲ್ಲಿಗೇ ಹೋಗಲಿ.

ಶ್ರೀರಂಗಪಟ್ಟಣದಿಂದ ಇನ್ನೊಂದು ಉತ್ತರ:

ಮೇಲಿನವರು ಹೇಳಿದ್ದು ಬಲೆನೋಗೆ ಸರಿ, ಏಕೆಂದರೆ ಅದರ ಹಿಂಬದಿಯಲ್ಲೂ ಸ್ಟ್ರಟ್ ಇದೆ. ಇದನ್ನು ಓದಿ ಸ್ವಿಫ್ಟ್ ಇಟ್ಟುಕೊಂಡವರು ಲೇತ್ ಅಂಗಡಿಗೆ ಓಡದಿರಲಿ. ಸ್ವಿಫ್ಟ್‌ನ ಹಿಂಬದಿಯದು ಟಾರ್ಷನ್ ಬೀಮ್, ಅಂದರೆ ಎರಡು ಹಿಂಚಕ್ರಗಳನ್ನು ಸೇರಿಸುವ, ತಿರುಚಬಲ್ಲ ಅಡ್ಡ ತೊಲೆ. ಸ್ಪ್ರಿಂಗ್ ಬೇರೆ ಕಡೆ, ಶಾಕ್ ಬೇರೆ ಕಡೆ ಕೂರುವುದರಿಂದ ಶಾಕಿನ ತಲೆಗೆ ಬರುವ ಭಾರವೇ ಕಡಿಮೆ. ನನ್ನ ಭಾವಮೈದುನ ಹಟ ಹಿಡಿದು ಹಾಕಿಸಿದ. ಈಗ ಬಾರ್ ಅಡ್ಡ ಬರುವುದರಿಂದ ಅಕ್ಕಿ ಮೂಟೆ ಹಿಂದಿನ ಸೀಟಿನ ಮೇಲೆ ಪ್ರಯಾಣ ಮಾಡುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಪೌಡರ್ ಕೋಟಿಂಗ್ (ಪುಡಿಯನ್ನು ಬಿಸಿಯಲ್ಲಿ ಕರಗಿಸಿ ಕೂರಿಸುವ ಬಣ್ಣ) ಮಾಡಿಸುವುದಾದರೆ ಪ್ಲೇಟಿನ ಅಡಿಭಾಗಕ್ಕೂ ನಟ್ಟು ಕೂರುವ ಜಾಗಕ್ಕೂ ಟೇಪು ಅಂಟಿಸಿ ಕೊಡಿ. ಆ ದಪ್ಪ ಪದರ ಬಿಗಿತದ ಕೆಳಗೆ ನಿಧಾನವಾಗಿ ಅದುಮಿಹೋಗಿ ನಟ್ಟು ಸಡಿಲಾಗುತ್ತದೆ. ಅಲ್ಲಿಗೆ ತೆಳುವಾಗಿ ಪ್ರೈಮರ್ ಸಾಕು. ರಬ್ಬರ್ ವಾಷರ್ ಹಾಕಿ ಸದ್ದು ಕಡಿಮೆ ಮಾಡುತ್ತೇನೆ ಎನ್ನುವವರ ಮಾತಿಗೆ ಒಪ್ಪಬೇಡಿ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಟಾರ್ಕ್ ರೆಂಚ್‌ನಿಂದ (ಎಷ್ಟು ಬಿಗಿಯಾಯಿತೆಂದು ಅಳೆಯುವ ಸ್ಪಾನರ್), ಕಾರಿನ ಸರ್ವಿಸ್ ಕೈಪಿಡಿಯಲ್ಲಿರುವ ಅಳತೆಗೇ ಮತ್ತೊಮ್ಮೆ ಬಿಗಿಯಿರಿ.

ಕಾರಿನ ಬಾಡಿಯಲ್ಲಿ ಹೊಸದಾಗಿ ತೂತು ಕೊರೆಯುವ ಪ್ರಸ್ತಾಪ ಬಂದರೆ ಅಲ್ಲಿಗೇ ನಿಲ್ಲಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಇರುವ ಸ್ಟಡ್ಡುಗಳಿಗೇ ಕೂರುವ, ಬೇಕೆಂದಾಗ ಬಿಚ್ಚಿಡಬಹುದಾದ ಬಾರ್ ಮಾಡಿಸಿ, ವಿಮೆಯವರಿಗೂ ಬರವಣಿಗೆಯಲ್ಲಿ ತಿಳಿಸಿ, ಬಿಚ್ಚಿದ ಹಳೆಯ ನಟ್ಟುಗಳನ್ನು ಜಾಕಿಯ ಚೀಲದಲ್ಲೇ ಇಟ್ಟುಕೊಳ್ಳಿ.