ವೆಸಿಕಲ್ ಗುಂಡಗೇ ಇದೆ, ಡಿಸ್ಕ್ ಆಗುತ್ತಿಲ್ಲ

ಪ್ರಶ್ನೆ (ಮಡಿಕೇರಿ, ಎಂಎಸ್ಸಿ):
ವೆಸಿಕಲ್‌ನಲ್ಲಿ (ಕೊಬ್ಬಿನ ಪೊರೆಯ ಪುಟ್ಟ ಚೀಲ) ಕೆಂಪು ರಕ್ತಕಣದಂಥ ಡಿಸ್ಕ್ ಆಕಾರ ತೋರಿಸಬೇಕು. ಒಳಗೆ 200 ಮಿಲಿಮೋಲಾರ್ ಸುಕ್ರೋಸ್, ಹೊರಗೆ 220 ಗ್ಲೂಕೋಸ್ (100 ಮಿಲಿಗೆ 3.96 ಗ್ರಾಂ, ಡಬ್ಬಿ ಮೇಲೆ ಡೆಕ್ಸ್‌ಟ್ರೋಸ್ ಮೊನೊಹೈಡ್ರೇಟ್ ಎಂದಿದೆ). ಪಿಒಪಿಸಿ ಎಂಬ ಲಿಪಿಡ್‌ನ (ಪೊರೆಯ ಕೊಬ್ಬು) ವೆಸಿಕಲ್‌ಗಳು ದುಂಡಗೇ ನಿಂತಿವೆ. ಇನ್ನೊಂದು ಲಿಪಿಡ್ ಡಿಎಂಪಿಸಿಯವು 38 ಡಿಗ್ರಿಯಲ್ಲಿ ಚೆನ್ನಾಗಿ ಬಂದರೂ ಮೈಕ್ರೋಸ್ಕೋಪಿನಡಿ ಮೂಲೆಮೂಲೆಯಾಗಿ ಕಾಣುತ್ತವೆ. ಕೋಣೆ 19 ಡಿಗ್ರಿ. ಇನ್ನೂ ದೊಡ್ಡ ವೆಸಿಕಲ್ ಮಾಡಿದರೆ ಸುಲಭವಾಗಿ ಬಾಗುತ್ತವಾ? ಗೊತ್ತಿದ್ದವರು ಹೇಳಿ.

ಉತ್ತರ 1 (ವಿರಾಜಪೇಟೆ):
ತೂಕದಲ್ಲೇ ಎಡವಟ್ಟಾಗಿದೆ. 3.96 ಗ್ರಾಂ ಎಂಬುದು ನೀರಿಲ್ಲದ ಗ್ಲೂಕೋಸಿನ ಲೆಕ್ಕ, ಅಣುತೂಕ 180. ಅಣುವಿಗೊಂದು ನೀರು ಸೇರಿದ ಮೊನೊಹೈಡ್ರೇಟಿನದು 198. ನಿಮ್ಮ ದ್ರಾವಣ ಸರಿಯಾಗಿ 200ಕ್ಕೇ ಬಂದು ನಿಂತಿದೆ. ಒಳಗೂ ಹೊರಗೂ ಸಮ ಇದ್ದರೆ ನೀರು ಹೊರಬರುವುದಾದರೂ ಯಾಕೆ?

220 ಇದ್ದಿದ್ದರೂ ಡಿಸ್ಕ್ ಸಿಗುತ್ತಿರಲಿಲ್ಲ. ಅಷ್ಟೇ ಮೇಲ್ಮೈ ಇರುವ ಗೋಳದ ಗಾತ್ರದಲ್ಲಿ ವೆಸಿಕಲ್ ಒಳಗಿನದು ಎಷ್ಟು ಪಾಲು ಅಂತ ನೋಡಬೇಕು. ನೀರು ಹೊರಬಂದು ಒಳಗೂ 220 ಆದಾಗ ಉಳಿಯುವ ಪಾಲು 200/220 ಅಂದರೆ 0.91, ಅಲ್ಲಿ ಬರುವುದು ಉದ್ದನೆಯ ಆಕಾರ. ಭೌತವಿಜ್ಞಾನಿ ಹೆಲ್ಫ್ರಿಚ್ 1973ರಲ್ಲಿ ಕೊಟ್ಟ ವಕ್ರತಾ ಶಕ್ತಿಯ ಲೆಕ್ಕದಲ್ಲಿ, ಪೊರೆಗೆ ತನ್ನದೇ ಬಾಗು ಇಲ್ಲವೆಂದುಕೊಂಡರೆ, ಡಿಸ್ಕಿಗೆ ಸಿಗುವುದು ಸುಮಾರು 0.59ರಿಂದ 0.65ರ ಸಣ್ಣ ಸಂದಿ ಮಾತ್ರ. ಅದಕ್ಕೂ ಇಳಿದರೆ ಬಟ್ಟಲಿನ ಹಾಗೆ ಗುಳಿ ಬೀಳುತ್ತದೆ. 0.64 ಬೇಕಾದರೆ ಹೊರಗೆ 312 ಇರಬೇಕು.

ಒಂದೇ ಸಲ ಸುರಿದರೆ ನಾಳ, ಮೊಗ್ಗುಗಳು ಎದ್ದು ಉಳಿದ ಮೇಲ್ಮೈಯೆಲ್ಲ ಅದರಲ್ಲೇ ಮುಗಿಯುತ್ತದೆ. 200ರಲ್ಲಿರುವ 1 ಮಿಲಿಗೆ 500 ಮಿಲಿಮೋಲಾರ್ ಗ್ಲೂಕೋಸನ್ನು (100 ಮಿಲಿಗೆ ಮೊನೊಹೈಡ್ರೇಟ್ 9.91 ಗ್ರಾಂ) ಐದೈದು ನಿಮಿಷಕ್ಕೆ 50 ಮೈಕ್ರೋಲೀಟರಿನಂತೆ ಹಾಕುತ್ತಾ ಹೋಗಿ, ಒಟ್ಟು 0.6 ಮಿಲಿ.

ಉತ್ತರ 2 (ಸೋಮವಾರಪೇಟೆ):
ಡಿಎಂಪಿಸಿ ಸುಮಾರು 24 ಡಿಗ್ರಿಗಿಂತ ಕೆಳಗೆ ಜೆಲ್ ಆಗಿ ಗಟ್ಟಿಯಾಗುತ್ತದೆ. ಮಳೆಗಾಲದ ಮಡಿಕೇರಿ ಕೋಣೆಯಲ್ಲಿ ಬೇರೇನು ನಿರೀಕ್ಷಿಸೋದು! ಗಟ್ಟಿಯಾಗುವಾಗ ಮೇಲ್ಮೈ ಐದರಲ್ಲೊಂದು ಪಾಲಿನಷ್ಟು ಕುಗ್ಗುವುದರಿಂದ ಆಕಾರ ಬದಲಿಸಲು ಹೆಚ್ಚುವರಿ ಪೊರೆಯೂ ಉಳಿಯುವುದಿಲ್ಲ. ಸ್ಟೇಜ್ ಹೀಟರ್ 30ಕ್ಕೆ ಇಡಿ. ಪಿಒಪಿಸಿ ಗಟ್ಟಿಯಾಗುವುದು ಸೊನ್ನೆಗಿಂತ ಕೆಳಗೆ, ಅದಕ್ಕೆ ಈ ತೊಂದರೆ ಇಲ್ಲ.

ದೊಡ್ಡದು ಮಾಡಿ ಪ್ರಯೋಜನವಿಲ್ಲ. ಗೋಳದ ಬಾಗುವ ಶಕ್ತಿ 8 ಪೈ ಕಪ್ಪಾ (ಕಪ್ಪಾ ಅಂದರೆ ಪೊರೆ ಬಾಗಲು ಒಡ್ಡುವ ಬಿಗಿತ), ಅದರಲ್ಲಿ ತ್ರಿಜ್ಯವೇ ಇಲ್ಲ.

ಉತ್ತರ 3 (ಕುಶಾಲನಗರ):
ಇನ್ನೊಂದು. ಸುಕ್ರೋಸ್ ತುಂಬಿದ ವೆಸಿಕಲ್ ತಳಕ್ಕಿಳಿದು ಗಾಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಮೇಲಿಂದ ನೋಡಿದರೆ ಡಿಸ್ಕೂ ವೃತ್ತವೇ, ಗೋಳವೂ ವೃತ್ತವೇ. ಪಿಪೆಟ್ಟಿನಿಂದ ಮೆಲ್ಲಗೆ ಹರಿವು ಕೊಡಿ, ಮಗುಚುವಾಗ ನಡು ತೆಳುವಾದ ಪಕ್ಕನೋಟ ಸಿಗುತ್ತದೆ. ಕವರ್‌ಸ್ಲಿಪ್ ಅಂಚಿಗೆ ವ್ಯಾಸಲೀನ್ ಹಚ್ಚಿ. ಬೇಸಿಗೆಯಲ್ಲಿ ತೆರೆದ ಹನಿ ಆರುತ್ತಾ ಸಾಂದ್ರತೆ ತಾನಾಗಿ ಏರಿ ಕೆಲವರಿಗೆ ಆಕಾರ ಪುಕ್ಕಟೆ ಸಿಗುತ್ತದೆ, ಆದರೆ ಎಷ್ಟಕ್ಕೆ ಸಿಕ್ಕಿತು ಅಂತ ಹೇಳೋಕಾಗಲ್ಲ.