ತೊರವಿ ಕಡೆ 4 ಎಕರೆ ಎರಿ ಹೊಲ: ಲೇಔಟ್‌ಗೆ ಮುಂಚೆ ಮ್ಯಾಗ್ನೆಟಿಕ್ ಸರ್ವೆ ಫಲ ಕೊಡುತ್ತದೆಯೇ?

ಪ್ರಶ್ನೆ
ವಿಜಯಪುರದಿಂದ ತೊರವಿ ಕಡೆಗಿನ ಹೊಲ. ಉಳುವಾಗ ಇಟ್ಟಂಗಿ ಚೂರು, ಸುಟ್ಟ ಮಣ್ಣಿನ ಕೊಳವೆ ತುಂಡು ಏಳುತ್ತವೆ. ಊರಿಗೆ ನೀರು ತರುತ್ತಿದ್ದ ಆದಿಲ್‌ಶಾಹಿ ಸುರಂಗವೂ ಇದೇ ದಿಕ್ಕಿನದು. ಜೆಸಿಬಿ ಇಳಿಯುವ ಮೊದಲು ಫ್ಲಕ್ಸ್‌ಗೇಟ್ ಗ್ರೇಡಿಯೋಮೀಟರ್ (ನೆಲದ ಕಾಂತಕ್ಷೇತ್ರದ ಸಣ್ಣ ಏರಿಳಿತ ಅಳೆಯುವ, ಕೈಯಲ್ಲಿ ಹಿಡಿದು ನಡೆಯುವ ಉಪಕರಣ) ಹಿಡಿದು ನೋಡಬೇಕೆಂದಿದ್ದೇವೆ. ಕೆಳಗೆಲ್ಲ ಕರಿಕಲ್ಲು (ಬಸಾಲ್ಟ್), ಅದಕ್ಕೇ ಕಾಂತಗುಣವಿದೆ. ರೀಡಿಂಗ್ ನಂಬಬಹುದೇ? ಯಾವ ತಿಂಗಳು ಸರಿ?

ಉತ್ತರ 1
ಇದ್ದಲ್ಲೇ ಸುಟ್ಟದ್ದು ಸಿಗುತ್ತದೆ ಸರ್: ಇಟ್ಟಂಗಿ ಭಟ್ಟಿ, ಕುಂಬಾರರ ಆವಿಗೆ. ಕಬ್ಬಿಣದ ಕಿಟ್ಟವೂ ಸಿಗುತ್ತದೆ. ಹಗೇವು, ಹಳೆಯ ಕಂದಕ ಸಿಗುವುದು ಕಷ್ಟ. ಅವುಗಳ ಸುಳಿವು ಕೆಲವೇ ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಅಳತೆ). ಮಣ್ಣಲ್ಲಿ ಹೂತ ಒಂದು ಕರಿಕಲ್ಲಿನ ಗುಂಡೇ ನೂರರ ಮೇಲೆ ತೋರಿಸಬಹುದು.

ಭಟ್ಟಿಯನ್ನೂ ಗುಂಡನ್ನೂ ಬೇರ್ಪಡಿಸಲು ದಿಕ್ಕು ನೋಡಿ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ 20 ಡಿಗ್ರಿ ಆಸುಪಾಸಿನಷ್ಟೇ ಬಾಗಿದೆ. ಭಟ್ಟಿ ತಣಿಯುವಾಗ ಅದೇ ದಿಕ್ಕನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ದಕ್ಷಿಣಕ್ಕೆ ಧನ (+) ರೀಡಿಂಗ್, ಉತ್ತರಕ್ಕೆ ಋಣ (−) ರೀಡಿಂಗ್, ಎರಡೂ ಜೋಡಿಯಾಗಿ ಬರುತ್ತವೆ. ಉರುಳಿ ಬಂದ ಗುಂಡುಗಳ ಧನ-ಋಣ ದಿಕ್ಕಾಪಾಲು. ಕಾಂತಕ್ಷೇತ್ರ ಕಡಿದಾಗಿ ಬಾಗಿರುವ ಯುರೋಪಿನ ಕೈಪಿಡಿ ನಂಬಿ ಧನದ ಕಲೆಯ ಕೆಳಗೇ ಅಗೆಯಬೇಡಿ, ವಸ್ತು ಇರುವುದು ಎರಡರ ನಡುವೆ. ಉತ್ತರ-ದಕ್ಷಿಣವಾಗಿ ಹೋಗುವ ಇಟ್ಟಂಗಿ ಗೋಡೆ ಹೆಚ್ಚಾಗಿ ತುದಿಗಳಲ್ಲಷ್ಟೇ ಕಾಣುತ್ತದೆ. "ಏನೂ ಇಲ್ಲ" ಎಂದು ಬರೆಯುವ ಮುನ್ನ ಇದು ನೆನಪಿರಲಿ.

ಕೊಳವೆಗಳನ್ನು ಬೇರೆಡೆ ಸುಟ್ಟು ತಂದು ಜೋಡಿಸಿರುವುದರಿಂದ ಒಂದೇ ಗೆರೆಯಾಗಿ ಬರದೆ ಚುಕ್ಕಿಗಳ ಸಾಲಾಗಿ ಬರಬಹುದು. ಸುರಂಗಕ್ಕೆ ಈ ಉಪಕರಣ ಆಗುವುದಿಲ್ಲ. ಇದರ ಕೆಲಸ ಮೇಲಿನ ಒಂದೂವರೆ ಮೀಟರ್‌ವರೆಗೆ. ಸುರಂಗಕ್ಕೆ ರೆಸಿಸ್ಟಿವಿಟಿ ಟೊಮೊಗ್ರಫಿ (ನೆಲಕ್ಕೆ ವಿದ್ಯುತ್ ಹರಿಸಿ ಆಳದ ಸೀಳುನೋಟ ತೆಗೆಯುವುದು) ಮಾಡಿಸಿ.

ಉತ್ತರ 2
20×20 ಮೀಟರ್ ಗ್ರಿಡ್ ಹಾಕ್ರಿ, ಒಂದು ಗ್ರಿಡ್ ಅಂದ್ರ ಹೆಚ್ಚುಕಡಿಮಿ 4 ಗುಂಟೆ. ನಿಮ್ಮ ಹೊಲಕ್ಕ 40 ಆಗತಾವ. ಸಾಲಿನ ನಡುವ ಅರ್ಧ ಮೀಟರ್, ಸಾಲಿನೊಳಗ 12.5 ಸೆಂ.ಮೀ.ಗೊಂದು ರೀಡಿಂಗ್. ಒಂದು ಮೀಟರ್ ಸಾಲು ಹಿಡಿದ್ರ ಗುಂಡಿನ ಧನ-ಋಣ ಜೋಡಿ ಬಿಡಿಸಿ ಕಾಣಂಗಿಲ್ಲ, ಮ್ಯಾಲೆ ಹೇಳಿದ ದಿಕ್ಕಿನ ಪರೀಕ್ಷೆನೂ ಆಗಂಗಿಲ್ಲ.

ಗೂಟ ಕಟ್ಟಿಗಿದು ಇಲ್ಲಾ ಪ್ಲಾಸ್ಟಿಕ್‌ದು. ಮೊಳಿ ಬ್ಯಾಡ. ಬೆಲ್ಟ್, ಕೀಲಿ, ಮೊಬೈಲ್, ಜಿಪ್ಪಿನ ಪ್ಯಾಂಟ್ ಹಾಕ್ಕೊಂಡು ಸಾಲಿಗೆ ಇಳೀಬ್ಯಾಡ್ರಿ. ಉಪಕರಣ ಚಾಲೂ ಮಾಡಿ 20 ನಿಮಿಷ ಬಿಟ್ಟು ಝೀರೋ ಮಾಡ್ರಿ. ಝೀರೋ ಮಾಡಾಕ ಕಾಂತದ ಏರಿಳಿತ ಇಲ್ಲದ ಶಾಂತ ಜಾಗ ಬೇಕು, ಕರಿಕಲ್ಲಿನ ಹೊಲದಾಗ ಅದು ಸಿಗೂದ ಕಷ್ಟ, ಪ್ಲಾಸ್ಟಿಕ್ ಸ್ಟೂಲ್ ಮ್ಯಾಲ ನಿಂತ್ರ ಸೆನ್ಸರ್ ನೆಲದಿಂದ ದೂರ ಆಗತದ. ಬಿಸಿಲಿಗೆ ಝೀರೋ ಜಾರತದ, ಎರಡು ಗ್ರಿಡ್‌ಗೊಮ್ಮೆ ಮತ್ತ ನೋಡ್ರಿ. ಬೋರ್ ಕೇಸಿಂಗ್, ತಂತಿ ಬೇಲಿ ಸುತ್ತ ಬರೂ ರೀಡಿಂಗ್ ಲೆಕ್ಕಕ್ಕ ಹಿಡೀಬ್ಯಾಡ್ರಿ.

ಉತ್ತರ 3
ತಿಂಗಳ ವಿಷಯ: ಮ್ಯಾಗ್ನೆಟಿಕ್‌ಗೆ ಜೋಳ, ಕಡಲೆ ರಾಶಿ ಮುಗಿದು ಕುಂಟೆ ಹೊಡೆದ ಹೊಲ ಒಳ್ಳೆಯದು, ಅಂದರೆ ಮಾರ್ಚ್. ರೆಂಟೆ ಹೊಡೆದು ಹೆಂಟೆ ಎದ್ದಿದ್ದರೆ ಹೆಜ್ಜೆ ತಪ್ಪಿ, ಹೋಗುವ-ಬರುವ ಸಾಲುಗಳು ಗರಗಸದ ಹಲ್ಲಿನಂತೆ ಬರುತ್ತವೆ. ಆಗ ಒಂದೇ ದಿಕ್ಕಿನಲ್ಲಿ ನಡೆಯಿರಿ.

ಕರಿಕಲ್ಲಿನ ಪಾಯಕ್ಕೆ ಮಾತ್ರ ಅರ್ಥ್ ರೆಸಿಸ್ಟೆನ್ಸ್ (ಪ್ರೋಬ್ ಎಂಬ ಸಲಾಕೆ ನೆಲಕ್ಕೆ ಚುಚ್ಚಿ ಮಣ್ಣಿನ ವಿದ್ಯುತ್ ತಡೆ ಅಳೆಯುವುದು) ಬೇಕು, ಅದಕ್ಕೆ ಮಾರ್ಚ್ ಆಗದು. ಎರಿ ಬಿರಿದರೆ ಪ್ರೋಬಿಗೆ ಹಸಿ ಸಿಗುವುದಿಲ್ಲ. ಹಿಂಗಾರಿ ಬಿತ್ತನೆಗೆ ಮುಂಚೆ ಮಳೆ ಹೊಳವಾದಾಗ, ಪ್ರೋಬ್ ಅಂತರ ಅರ್ಧ ಮೀಟರ್ ಇಟ್ಟು, ಚೂರು ದಟ್ಟವಾಗಿ ಏಳುವ ಕಡೆಯ ಗ್ರಿಡ್‌ಗಳನ್ನಷ್ಟೇ ಮಾಡಿದರೂ ಸಾಕು. ಲೇಔಟ್ ಕೆಲಸ ಈ ಎರಡೂ ಹಂಗಾಮು ಕಾಯುವಂತೆ ಈಗಲೇ ಮಾತಾಡಿಕೊಳ್ಳಿ.